ಹಳೇ ಸೆಂಟ್‌ಓಎಸ್ 7 ಸರ್ವರ್‌ಗೆ "ಲೋಕಲ್, ಲೋ ರಿಸ್ಕ್" ಅಂತ ರಿಪೋರ್ಟ್ ಬಂದಿದ್ಯಾ? ಎಲ್ಲಿಂದ ಶುರು ಮಾಡ್ಬೇಕು ನೋಡಿ

ತುಮಕೂರು, ತಿಪಟೂರು, ಗುಬ್ಬಿ, ಸಿರಾ ಕಡೆ ಸಣ್ಣ ಆಫೀಸುಗಳ ಸರ್ವರ್ ನೋಡ್ಕೊಳ್ಳೋರಿಗೆ ಈಗ ಒಂದೇ ಥರದ ಫೋನ್ ಜಾಸ್ತಿ ಬರ್ತಿದೆ. "ಆಡಿಟ್‌ನೋರು ಬಂದು ಸ್ಕ್ಯಾನ್ ಮಾಡಿ ರಿಪೋರ್ಟ್ ಕೊಟ್ಟವ್ರೆ ಸಾರ್, ಅದ್ರಲ್ಲಿ ಏನೋ ಲೋಕಲ್ ವಲ್ನರಬಿಲಿಟಿ, ಲೋ ರಿಸ್ಕ್ ಅಂತ ಇಷ್ಟುದ್ದ ಐತೆ, ಏನಾದ್ರೂ ಮಾಡ್ಬೇಕಾ, ಹಂಗೇ ಬಿಡ್ಬೋದಾ?" ಕೊಬ್ಬರಿ ಮಂಡಿ, ಡಯಾಗ್ನೋಸ್ಟಿಕ್ ಲ್ಯಾಬ್, ಸೊಸೈಟಿ, ಕಾಲೇಜು, ಎಲ್ಲಿ ಹೋದ್ರೂ ಮೂಲೇಲಿ ಸೆಂಟ್‌ಓಎಸ್ 7 ಅನ್ನೋ ಫ್ರೀ ಲಿನಕ್ಸ್ ಓಎಸ್ ಇರೋ ಒಂದು ಮಷೀನ್ ಇನ್ನೂ ಓಡ್ತಾನೇ ಇರುತ್ತೆ. 2014ರಲ್ಲಿ ಬಂದಿದ್ದು, 2024ರ ಜೂನ್ 30ಕ್ಕೆ ಅದರ ಸಪೋರ್ಟ್ ಮುಗೀತು, ಅದಾದ್ಮೇಲೆ ಫ್ರೀಯಾಗಿ ಯಾವ ಪ್ಯಾಚೂ (ರಿಪೇರಿ ಅಪ್‌ಡೇಟ್) ಬಂದಿಲ್ಲ.

ವಲ್ನರಬಿಲಿಟಿ ಅಂದ್ರೆ ಸಾಫ್ಟ್‌ವೇರ್‌ನಲ್ಲಿರೋ ತೂತು. ಲೋಕಲ್ ಅಂದ್ರೆ ಇಂಟರ್ನೆಟ್ಟಿಂದ ನೇರವಾಗಿ ಆ ತೂತಿಗೆ ಕೈ ಹಾಕೋಕಾಗಲ್ಲ, ಮಷೀನ್ ಒಳಗೆ ಆಗ್ಲೇ ಒಂದು ಲಾಗಿನ್ ಇರ್ಬೇಕು, ಇಲ್ಲಾ ಒಳಗೆ ಪ್ರೋಗ್ರಾಮ್ ಓಡಿಸೋಕೆ ಏನಾದ್ರೂ ದಾರಿ ಇರ್ಬೇಕು. ಲೋ ಅಂದ್ರೆ ತೂತಿನ ತೀವ್ರತೆ ಅಳೆಯೋ ಸಿವಿಎಸ್‌ಎಸ್ ಸ್ಕೋರ್ 0.1ರಿಂದ 3.9ರ ಒಳಗೆ. 4.0ರಿಂದ 6.9 ಮೀಡಿಯಂ, 7.0ರಿಂದ 8.9 ಹೈ, ಅದರ ಮೇಲೆ ಕ್ರಿಟಿಕಲ್. ಆದ್ರೆ ಈ ಸ್ಕೋರ್ ಕೊಡೋರಿಗೆ ನಿಮ್ಮ ಸರ್ವರ್‌ಗೆ ಯಾರ್ಯಾರು ಲಾಗಿನ್ ಆಗ್ತಾರೆ ಅಂತ ಗೊತ್ತಿರಲ್ಲ. ಒಬ್ಬರೇ ಬಳಸೋ ಮಂಡಿ ಸರ್ವರ್‌ನಲ್ಲಿ ಲೋ ಅನ್ನೋದು ನಿಜವಾಗ್ಲೂ ಲೋ. ಅದೇ ತೂತು ಇಡೀ ಕ್ಲಾಸಿನ ಹುಡುಗ್ರು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡೋ ಲ್ಯಾಬ್ ಸರ್ವರ್‌ನಲ್ಲಿದ್ರೆ, ಅಥವಾ ಯಾವಾಗ್ಲೋ ಬರೆಸಿದ ಪಿಎಚ್‌ಪಿ ವೆಬ್‌ಸೈಟ್ ಅದೇ ಮಷೀನ್‌ನಲ್ಲಿ ಓಡ್ತಿದ್ರೆ, ಲೆಕ್ಕಾನೇ ಬೇರೆ, ಯಾಕಂದ್ರೆ ಆ ವೆಬ್‌ಸೈಟಿನ ತೂತಿಂದ ಹೊರಗಿನೋನು ವೆಬ್‌ಸೈಟ್ ಓಡಿಸೋ ಅಪಾಚೆ ಪ್ರೋಗ್ರಾಮಿನ ಯೂಸರ್ ಆಗಿ ಒಳಗೆ ಬಂದ ಕ್ಷಣದಿಂದ ಅವನೂ ಲೋಕಲ್ಲೇ. ಅದಕ್ಕೇ ಪ್ಯಾಚ್ ಹುಡುಕೋಕೆ ಮೊದ್ಲು ಒಳಗೆ ಯಾರಿದ್ದಾರೆ ಅಂತ ಎಣಿಸ್ಬೇಕು. ಕೆಳಗಿನದೆಲ್ಲಾ ಆ ಲೆಕ್ಕದ ಮೇಲೇ ನಿಂತಿರೋದು.

ಕಮಾಂಡ್‌ಗಳನ್ನ ಇಲ್ಲಿ ಕನ್ನಡದಲ್ಲೇ ಬರ್ದಿದ್ದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ. ಹೈಫನ್ ಅಂತ ಬಂದಲ್ಲಿ ಅಡ್ಡಗೆರೆ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೀನಿ.

ಕೈ ಹಾಕೋಕೆ ಮುಂಚೆ

ಬ್ಯಾಕಪ್ ತಗೊಳ್ಳಿ, ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್‌ಗಲ್ಲ, ಹೊರಗಿನ ಡಿಸ್ಕಿಗೆ, ಮತ್ತೆ ಅದರಿಂದ ಒಂದು ಫೈಲ್ ವಾಪಸ್ ತೆಗೆದು ತೆರೆದು ನೋಡಿ. ಸರ್ವರ್ ಮುಂದೆ ಮಾನಿಟರ್, ಕೀಬೋರ್ಡ್ ಹಾಕ್ಕೊಂಡು ಕೂತಿರಿ, ಮನೆಯಿಂದ ರಿಮೋಟ್‌ನಲ್ಲಿ ಸುಡೋ (ಎಲ್ಲಾ ಹಕ್ಕಿರೋ ರೂಟ್ ಅಕೌಂಟಿನ ಹೆಸರಲ್ಲಿ ಕಮಾಂಡ್ ಓಡಿಸೋ ಟೂಲ್) ಫೈಲೋ ಕರ್ನಲ್ಲೋ (ಓಎಸ್‌ನ ತಿರುಳು) ಮುಟ್ಟಿ ಲಾಗಿನ್ ಹೋಯ್ತು ಅಂದ್ರೆ ರಾತ್ರಿ ಹೊತ್ತು ತಿಪಟೂರಿಗೆ ಹೋಗೋ ಪರಿಸ್ಥಿತಿ ಬರುತ್ತೆ. ರೂಟ್ ಲಾಗಿನ್ ಇರೋ ಒಂದು ವಿಂಡೋ ಕೆಲಸ ಮುಗಿಯೋವರೆಗೂ ತೆರೆದೇ ಇರ್ಲಿ. ಹರಾಜಿನ ದಿನ, ಫೀಸ್ ಕಟ್ಟೋ ವಾರ, ಆಡಿಟ್ ಹಿಂದಿನ ದಿನ ಈ ಕೆಲಸಾನೇ ಬೇಡ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತೆ ನೋಡ್ಕೊಳ್ಳಿ, ಅಪ್‌ಡೇಟ್ ಅರ್ಧಕ್ಕಿದ್ದಾಗ ಕರೆಂಟ್ ಹೋದ್ರೆ ಪ್ಯಾಕೇಜ್ ಡೇಟಾಬೇಸೇ ಕೆಡಬೋದು. ಕ್ಯಾಬಿನೆಟ್ ಮುಟ್ಟಿದ್ರೆ ಸಣ್ಣಗೆ ಶಾಕ್ ಹೊಡೀತಿದ್ರೆ ಅರ್ಥಿಂಗ್ ಸರಿ ಇಲ್ಲ, ಅದನ್ನ ಎಲೆಕ್ಟ್ರಿಷಿಯನ್ ಸರಿ ಮಾಡೋವರೆಗೂ ಬೇರೇನೂ ಮಾಡ್ಬೇಡಿ.

ಇನ್ನೊಂದು ಮಾತು. ನೆಟ್‌ನಲ್ಲಿ ಸಿಗೋ ಎಕ್ಸ್‌ಪ್ಲಾಯ್ಟ್ ಕೋಡ್ (ತೂತನ್ನ ಬಳಸಿ ಒಳನುಗ್ಗೋ ಕೋಡ್) ತಂದು "ತೂತು ಇದ್ಯಾ ನೋಡೋಣ" ಅಂತ ಓಡ್ತಿರೋ ಸರ್ವರ್ ಮೇಲೆ ಹಾಕ್ಬೇಡಿ. ಡರ್ಟಿ ಕೌ ಥರದ ಕರ್ನಲ್ ತೂತಿನ ಕೋಡ್ ಇಡೀ ಮಷೀನನ್ನೇ ಹ್ಯಾಂಗ್ ಮಾಡಿಬಿಡ್ಬೋದು, ಮತ್ತೆ ಆ ಕೋಡ್‌ನಲ್ಲಿ ಇನ್ನೇನು ಸೇರಿಸಿದ್ದಾರೋ. ಮಾಲೀಕರ ಒಪ್ಪಿಗೆ ಬರಹದಲ್ಲಿ ಇಲ್ದೆ ಬೇರೆಯವರ ಮಷೀನ್ ಪರೀಕ್ಷೆ ಮಾಡೋದು 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಕೆಳಗೆ ಬರ್ಬೋದು, 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಇದನ್ನ ಲ್ಯಾಬ್ ಹುಡುಗರಿಗೂ ಹೇಳಿ, ಕುತೂಹಲಕ್ಕೆ ಮಾಡೋಕೆ ಹೋಗಿ ಕೇಸ್ ಮಾಡ್ಕೊಳ್ಳೋದು ಬೇಡ.

ಲಕ್ಷಣ: ರಿಪೋರ್ಟ್ ಉದ್ದ ಇದೆ, ಸರ್ವರ್ ಮಾತ್ರ ಚೆನ್ನಾಗೇ ಓಡ್ತಿದೆ

ಇದು ಎಲ್ಲಕ್ಕಿಂತ ಸಾಮಾನ್ಯ, ಖರ್ಚೂ ಇಲ್ಲ. ಮೊದ್ಲು ಈಟಿಸಿ ಫೋಲ್ಡರ್‌ನಲ್ಲಿರೋ ಪಾಸ್‌ವರ್ಡ್ ಫೈಲ್ (ಹೆಸರು ಪಾಸ್‌ಡಬ್ಲ್ಯೂಡಿ) ತೆಗೀರಿ. ಪ್ರತಿ ಸಾಲಿನ ಕೊನೇಲಿ ಶೆಲ್ (ಕಮಾಂಡ್ ತಗೊಳ್ಳೋ ಪ್ರೋಗ್ರಾಮ್) ಹೆಸರು ಇರುತ್ತೆ. ನೋಲಾಗಿನ್ ಅಥವಾ ಫಾಲ್ಸ್ ಅಂತಿದ್ರೆ ಅದು ಸಿಸ್ಟಮ್ ಅಕೌಂಟ್, ಬಿಟ್ಬಿಡಿ. ಬ್ಯಾಶ್ ಅಂತಿರೋ ಪ್ರತಿ ಸಾಲಿಗೂ ಒಬ್ಬ ಮನುಷ್ಯನ ಹೆಸರು ಹೇಳೋಕಾಗ್ಬೇಕು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಆಪರೇಟರ್ ಅಕೌಂಟ್, ಸಾಫ್ಟ್‌ವೇರ್ ಹಾಕ್ಕೊಟ್ಟ ಕಂಪನಿಯೋರು "ಸಪೋರ್ಟ್" ಅಂತ ಮಾಡಿಟ್ಟ ಅಕೌಂಟ್, "ಟೆಸ್ಟ್" ಅನ್ನೋ ಅಕೌಂಟ್ಗೆ "ಟೆಸ್ಟ್" ಅನ್ನೋದೇ ಪಾಸ್‌ವರ್ಡ್, ಇಂಥವು ಸಿಕ್ಕೇ ಸಿಗ್ತವೆ. ಮೂರನೇ ಜಾಗದಲ್ಲಿರೋ ನಂಬರ್ 0 ಅಂತ ರೂಟ್‌ಗೆ ಬಿಟ್ಟು ಬೇರೆ ಯಾರಿಗಾದ್ರೂ ಇದ್ರೆ, ಅದು ಇನ್ನೊಂದು ರೂಟ್. ನೀವೇ ಮಾಡಿದ್ದಲ್ಲ ಅಂದ್ರೆ ನೇರ ಕೊನೇ ಲಕ್ಷಣಕ್ಕೆ ಹೋಗಿ.

ಆಮೇಲೆ ‘ಲಾಸ್ಟ್‌ಲಾಗ್’ ಅಂತ ಹೊಡೀರಿ, ಯಾರು ಯಾವಾಗ ಕೊನೇ ಸಲ ಬಂದಿದ್ದು ಅಂತ ತೋರಿಸುತ್ತೆ. ಬೇಡದ ಅಕೌಂಟ್ ಡಿಲೀಟ್ ಮಾಡೋಕೆ ಹೋಗ್ಬೇಡಿ, ಅದರ ಹೆಸರಲ್ಲಿ ಬ್ಯಾಕಪ್ ಓಡ್ತಿರ್ಬೋದು. ಮೊದ್ಲು ಲಾಕ್ ಮಾಡಿ, ‘ಯೂಸರ್‌ಮಾಡ್ ಹೈಫನ್ ಎಲ್’ ಅಂತ, ಎಲ್ ದೊಡ್ಡಕ್ಷರ, ಮುಂದೆ ಯೂಸರ್ ಹೆಸರು. ಇದು ಪಾಸ್‌ವರ್ಡ್ ಮಾತ್ರ ಮುಚ್ಚುತ್ತೆ. ಎಸ್‌ಎಸ್‌ಎಚ್ ಕೀ ಇಟ್ಟಿದ್ರೆ ಅವನು ಇನ್ನೂ ಒಳಗೆ ಬರ್ತಾನೆ, ಹಾಗಾಗಿ ಅವನ ಹೋಮ್ ಫೋಲ್ಡರ್‌ನ ಡಾಟ್ ಎಸ್‌ಎಸ್‌ಎಚ್ ಒಳಗಿನ ಆಥರೈಸ್ಡ್ ಕೀಸ್ ಫೈಲ್ ಕೂಡ ಬೇರೆ ಕಡೆಗೆ ಎತ್ತಿಡಿ. ಈ ಕೀ ವಿಷಯ ಬಿಟ್ಟುಹೋಗೋದು ನಾನು ತುಂಬಾ ಕಡೆ ನೋಡಿದ್ದೀನಿ.

ಗ್ರೂಪ್‌ಗಳನ್ನೂ ನೋಡಿ. ವೀಲ್ ಗ್ರೂಪ್‌ನಲ್ಲಿರೋರು ಸುಡೋ ಮಾಡಬಲ್ಲರು, ಅದು ಎಲ್ರಿಗೂ ಗೊತ್ತು. ಡಾಕರ್ (ಪ್ರೋಗ್ರಾಮ್‌ಗಳನ್ನ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸೋ ಟೂಲ್) ಗ್ರೂಪ್‌ನಲ್ಲಿರೋರು ಪಾಸ್‌ವರ್ಡೇ ಇಲ್ದೆ ರೂಟ್ ಆಗಬಲ್ಲರು, ಇಡೀ ಡಿಸ್ಕನ್ನ ಕಂಟೇನರ್ ಒಳಗೆ ಮೌಂಟ್ ಮಾಡ್ಕೊಂಡ್ರೆ ಮುಗೀತು. ಪ್ರಾಜೆಕ್ಟ್‌ಗೆ ಬೇಕು ಅಂತ ಹುಡುಗರನ್ನೆಲ್ಲಾ ಡಾಕರ್ ಗ್ರೂಪಿಗೆ ಸೇರಿಸಿದ್ರೆ ಅಲ್ಲಿ ಲೋಕಲ್ ತೂತಿನ ಬಗ್ಗೆ ಚರ್ಚೆ ಮಾಡೋದ್ರಲ್ಲಿ ಅರ್ಥಾನೇ ಇಲ್ಲ, ಬಾಗಿಲು ತೆಗೆದಿಟ್ಟು ಕಿಟಕಿ ಬೋಲ್ಟ್ ನೋಡಿದ ಹಾಗೆ.

ಈ ಎಣಿಕೆ ಮುಗಿದ್ಮೇಲೆ ರಿಪೋರ್ಟ್ ಇನ್ನೊಂದ್ಸಲ ಓದಿ. ನಂಬಿಕಸ್ತ ಒಬ್ಬಿಬ್ಬರು ಮಾತ್ರ ಒಳಗಿದ್ದಾರೆ, ವೆಬ್‌ಸೈಟ್ ಇಲ್ಲ, ಹೊರಗಿಂದ ಎಸ್‌ಎಸ್‌ಎಚ್ ಇಲ್ಲ ಅಂದ್ರೆ ಲೋ ಅಂತ ಬಂದಿರೋದಕ್ಕೆ ಗಾಬರಿ ಬೇಕಿಲ್ಲ, ಕೆಳಗಿನದನ್ನ ನಿಧಾನಕ್ಕೆ ಮಾಡಿ. ಹತ್ತಾರು ಜನ ಒಳಗಿದ್ದಾರೆ ಅಂದ್ರೆ ಪ್ರತಿ ಲೋ ಅನ್ನೂ ಒಂದು ಮೆಟ್ಟಿಲು ಮೇಲೆ ಹಾಕಿ ಓದಿ.

ಲಕ್ಷಣ: ಯಮ್ ಅಪ್‌ಡೇಟ್ ಹೊಡೆದ್ರೆ ಮಿರರ್‌ಲಿಸ್ಟ್ ಸಿಗ್ತಿಲ್ಲ ಅಂತ ಬರುತ್ತೆ

"ಮಿರರ್‌ಲಿಸ್ಟ್ ಡಾಟ್ ಸೆಂಟ್‌ಓಎಸ್ ಡಾಟ್ ಆರ್ಗ್ ಹೋಸ್ಟ್ ಸಿಗ್ತಿಲ್ಲ" ಅನ್ನೋ ಅರ್ಥದ ಎರರನ್ನ ಯಮ್ (ಪ್ಯಾಕೇಜ್ ಇಳಿಸಿ ಹಾಕೋ ಟೂಲ್) ಕೊಟ್ಟಾಗ ಜನ ಮೊದ್ಲು ಇಂಟರ್ನೆಟ್ ಕನೆಕ್ಷನ್ ಬೈತಾರೆ, ರೂಟರ್ ಆಫ್ ಮಾಡಿ ಆನ್ ಮಾಡ್ತಾರೆ, ಡಿಎನ್‌ಎಸ್ ಬದಲಾಯಿಸ್ತಾರೆ. ಬೇರೆ ಯಾವುದಾದ್ರೂ ಸೈಟಿಗೆ ಪಿಂಗ್ ಹೋಗ್ತಿದ್ರೆ ನಿಮ್ಮ ನೆಟ್ ಸರಿಯಾಗೇ ಇದೆ. ಸಪೋರ್ಟ್ ಮುಗಿದ್ಮೇಲೆ ಆ ಮಿರರ್‌ಲಿಸ್ಟ್ ಸರ್ವರನ್ನೇ ನಿಲ್ಲಿಸಿಬಿಟ್ರು, ಪ್ಯಾಕೇಜ್‌ಗಳೆಲ್ಲಾ ವಾಲ್ಟ್ ಡಾಟ್ ಸೆಂಟ್‌ಓಎಸ್ ಡಾಟ್ ಆರ್ಗ್ ಅನ್ನೋ ಕಡೆ ಹೋಗಿವೆ. ಈಟಿಸಿ ಒಳಗೆ ಯಮ್ ಡಾಟ್ ರೆಪೋಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಬೇಸ್ ಫೈಲ್ ತೆಗೆದು, ಮೊದ್ಲು ಅದರ ಕಾಪಿ ಇಟ್ಕೊಂಡು, ಮಿರರ್‌ಲಿಸ್ಟ್ ಸಾಲುಗಳ ಮುಂದೆ ಹ್ಯಾಶ್ ಹಾಕಿ, ಬೇಸ್‌ಯುಆರ್‌ಎಲ್ ಸಾಲುಗಳ ಹ್ಯಾಶ್ ತೆಗೆದು ಅಲ್ಲಿ ವಾಲ್ಟ್ ವಿಳಾಸ ಹಾಕಿದ್ರೆ ಯಮ್ ಮತ್ತೆ ಮಾತಾಡುತ್ತೆ.

ಇದರಿಂದ ಸಿಗೋದು 2024ರ ಜೂನ್‌ವರೆಗಿನ ಪ್ಯಾಚ್ ಮಾತ್ರ, ಅದರ ಮುಂದಿನದಲ್ಲ. ಆದ್ರೂ ಮಾಡಲೇಬೇಕು, ಯಾಕಂದ್ರೆ ತುಂಬಾ ಸರ್ವರ್‌ಗಳು ಹಾಕಿದ ದಿನದಿಂದ ಒಂದು ಅಪ್‌ಡೇಟೂ ಕಂಡಿರಲ್ಲ, 2016ರ ತೂತೂ ಹಾಗೇ ಇರುತ್ತೆ, 2021ರದ್ದೂ ಇರುತ್ತೆ.

ಲಕ್ಷಣ: ಅಪ್‌ಡೇಟ್ ಆಗಿದೆ ಅಂತಾರೆ, ಸ್ಕ್ಯಾನರ್ ಮಾತ್ರ ಹಳೇದನ್ನೇ ತೋರಿಸ್ತಿದೆ

ಇದಕ್ಕೆ ಎರಡು ಕಾರಣ, ಎರಡೂ ಒಂದಕ್ಕೊಂದು ಉಲ್ಟಾ. ಮೊದಲನೇದ್ರಲ್ಲಿ ಸ್ಕ್ಯಾನರ್ ಹೇಳೋದೇ ಸರಿ.

‘ಯುನೇಮ್ ಹೈಫನ್ ಆರ್’ ಅಂತ ಹೊಡೆದ್ರೆ ಈಗ ಓಡ್ತಿರೋ ಕರ್ನಲ್ ನಂಬರ್ ಬರುತ್ತೆ. ‘ಆರ್‌ಪಿಎಮ್ ಹೈಫನ್ ಕ್ಯೂ ಕರ್ನಲ್’ ಅಂತ ಹೊಡೆದ್ರೆ ಡಿಸ್ಕಿನಲ್ಲಿ ಇನ್‌ಸ್ಟಾಲ್ ಆಗಿರೋ ಎಲ್ಲಾ ಕರ್ನಲ್ ಬರುತ್ತೆ. ಎರಡನೇದ್ರಲ್ಲಿ ಹೊಸದಿದ್ದು ಮೊದಲನೇದು ಹಳೇದಾಗಿದ್ರೆ, ಅಪ್‌ಡೇಟ್ ಹಾಕಿ ರೀಬೂಟ್ ಮಾಡೇ ಇಲ್ಲ ಅಂತ ಅರ್ಥ. "ಆಫ್ ಮಾಡಿದ್ರೆ ಮತ್ತೆ ಎದ್ದೇಳುತ್ತೋ ಇಲ್ವೋ" ಅನ್ನೋ ಭಯಕ್ಕೆ ವರ್ಷಗಟ್ಟಲೆ ರೀಬೂಟ್ ಮಾಡದೇ ಇರೋ ಸರ್ವರ್‌ಗಳು ಎಷ್ಟೋ ಇವೆ. ಆ ಭಯ ನಿಜವಾದ್ದು, ಆದ್ರೆ ಬೇಸಿಗೇಲಿ ಕರೆಂಟ್ ಹೋಗಿ ಯುಪಿಎಸ್ ಕೈ ಕೊಟ್ಟು ಅದೇ ಬಿದ್ದು ಎದ್ದೇಳೋದಕ್ಕಿಂತ, ನೀವು ಎದುರಿಗಿದ್ದು ಭಾನುವಾರ ಬೆಳಗ್ಗೆ ರೀಬೂಟ್ ಮಾಡೋದು ಎಷ್ಟೋ ಮೇಲು. ಹೊಸ ಕರ್ನಲ್‌ನಲ್ಲಿ ಏಳ್ಲಿಲ್ಲ ಅಂದ್ರೆ ಆನ್ ಆಗೋವಾಗ ಬರೋ ಗ್ರಬ್ ಮೆನುನಲ್ಲಿ ಹಿಂದಿನ ಕರ್ನಲ್ ಇರುತ್ತೆ, ಅದನ್ನ ಆರಿಸಿ. ಸೆಂಟ್‌ಓಎಸ್ 7ಕ್ಕೆ ಬಂದ ಕೊನೇ ಕರ್ನಲ್ 3.10.0-1160.119.1, ನಿಮ್ಮದು ಅದಕ್ಕಿಂತ ಎಷ್ಟು ಹಿಂದಿದೆ ನೋಡ್ಕೊಳ್ಳಿ. 2016ರ ಅಕ್ಟೋಬರ್‌ನಲ್ಲಿ ಹೊರಬಿದ್ದ ಡರ್ಟಿ ಕೌ, ಅಂದ್ರೆ ಸಿವಿಇ-2016-5195 (ಸಿವಿಇ ಅನ್ನೋದು ಪ್ರತಿ ತೂತಿಗೂ ಕೊಡೋ ನಂಬರ್), ಸೆಂಟ್‌ಓಎಸ್ 7ರಲ್ಲಿ 3.10.0-327.36.3ರಲ್ಲೇ ಸರಿಯಾಗಿತ್ತು, ಅದಕ್ಕಿಂತ ಹಿಂದಿನದೇ ಓಡ್ತಿದ್ರೆ ಇವತ್ತೇ ಕೆಲಸ ಇದೆ. 2022ರ ಡರ್ಟಿ ಪೈಪ್ ಬಗ್ಗೆ ಕೇಳಿರ್ತೀರ, ಅದು 5.8 ಕರ್ನಲ್‌ನಿಂದ ಶುರುವಾದ ತೂತು, 3.10ಕ್ಕೆ ಸಂಬಂಧ ಇಲ್ಲ.

ಅಪ್‌ಡೇಟೇ ಆಗದೆ ಜಾಗ ಇಲ್ಲ ಅಂತ ನಿಂತ್ರೆ ‘ಡಿಎಫ್ ಹೈಫನ್ ಎಚ್’ ಹೊಡೆದು ಬೂಟ್ ಪಾರ್ಟಿಷನ್ ನೋಡಿ, ಹಳೇ ಕರ್ನಲ್‌ಗಳೇ ತುಂಬ್ಕೊಂಡಿರ್ತವೆ. ಅವನ್ನ ಆರ್‌ಎಂ ಹೊಡೆದು ಕೈಯಲ್ಲಿ ಅಳಿಸ್ಬೇಡಿ. ಯಮ್ ಯುಟಿಲ್ಸ್ ಪ್ಯಾಕೇಜ್‌ನ ಪ್ಯಾಕೇಜ್ ಕ್ಲೀನಪ್ ಟೂಲ್‌ನಲ್ಲಿ ಓಲ್ಡ್ ಕರ್ನಲ್ಸ್ ಆಪ್ಷನ್ ಇದೆ, ಎರಡು ಉಳಿಸ್ಕೊಂಡು ಮಿಕ್ಕಿದ್ದನ್ನ ಅದೇ ತೆಗೆಯುತ್ತೆ.

ಎರಡನೇ ಕಾರಣದಲ್ಲಿ ಸ್ಕ್ಯಾನರ್ ತಪ್ಪು. ಸೆಂಟ್‌ಓಎಸ್‌ನಲ್ಲಿ ಪ್ಯಾಚ್ ಬಂದಾಗ ಹೊಸ ವರ್ಷನ್ ಕೊಡಲ್ಲ, ಹಳೇ ವರ್ಷನ್‌ಗೇ ಆ ರಿಪೇರಿಯನ್ನ ಮಾತ್ರ ತಂದು ಸೇರಿಸ್ತಾರೆ. ಇದೇ ಬ್ಯಾಕ್‌ಪೋರ್ಟ್. ಒಳ್ಳೇ ಉದಾಹರಣೆ ಸುಡೋ. 2021ರ ಜನವರೀಲಿ ಕ್ವಾಲಿಸ್ ಅನ್ನೋ ಸೆಕ್ಯುರಿಟಿ ಕಂಪನಿಯೋರು ಬ್ಯಾರನ್ ಸಮೆಡಿಟ್ ಅಂತ ಹೆಸರಿಟ್ಟು ಹೊರಗೆ ತಂದ ತೂತು, ಸಿವಿಇ-2021-3156, 1.8.2ರಿಂದ 1.8.31ಪಿ2, ಮತ್ತೆ 1.9.0ರಿಂದ 1.9.5ಪಿ1ರವರೆಗಿನ ಸುಡೋಗೆ ಅನ್ವಯ. ಸೆಂಟ್‌ಓಎಸ್ 7ರಲ್ಲಿರೋದು 1.8.23, ಹೊರಗಿಂದ ಬರೀ ವರ್ಷನ್ ನೋಡೋ ಸ್ಕ್ಯಾನರ್ ಕೆಂಪು ಬಣ್ಣ ಹಾಕೇ ಹಾಕುತ್ತೆ. ಆದ್ರೆ ಪೂರ್ತಿ ಹೆಸರು 1.8.23-10.ಇಎಲ್7_9.1 ಅಥವಾ ಅದಕ್ಕಿಂತ ಮುಂದಿನದಾಗಿದ್ರೆ ಅದು ರಿಪೇರಿ ಆಗಿರೋದೇ. ನಂಬಿಕೆ ಬರ್ಲಿಲ್ಲ ಅಂದ್ರೆ ‘ಆರ್‌ಪಿಎಮ್ ಹೈಫನ್ ಕ್ಯೂ ಹೈಫನ್ ಹೈಫನ್ ಚೇಂಜ್‌ಲಾಗ್ ಸುಡೋ’ ಅಂತ ಹೊಡೆದು ಅದರಲ್ಲಿ ಆ ಸಿವಿಇ ನಂಬರ್ ಹುಡುಕಿ. ಇನ್ನೂ ಒಂದು ಅಪಾಯ ಇಲ್ಲದ ಪರೀಕ್ಷೆ ಇದೆ. ರೂಟ್ ಅಲ್ಲದ ಸಾಮಾನ್ಯ ಯೂಸರ್ ಆಗಿ ‘ಸುಡೋಎಡಿಟ್ ಹೈಫನ್ ಎಸ್’ ಮುಂದೆ ಒಂದು ಸ್ಲ್ಯಾಶ್ ಹಾಕಿ ಎಂಟರ್ ಒತ್ತಿ. ಉತ್ತರ "ಯೂಸೇಜ್" ಅಂತ ಶುರುವಾದ್ರೆ ಪ್ಯಾಚ್ ಆಗಿದೆ, "ಸುಡೋಎಡಿಟ್" ಅಂತ ಶುರುವಾದ್ರೆ ಆಗಿಲ್ಲ. ಆಡಿಟ್‌ನೋರಿಗೆ ಈ ಚೇಂಜ್‌ಲಾಗ್ ಸಾಲು ಮತ್ತೆ ಪ್ಯಾಕೇಜ್ ಹೆಸರು ಪ್ರಿಂಟ್ ತೆಗೆದು ಕೊಡಿ. ಲಾಗಿನ್ ಕೊಟ್ಟು ಒಳಗಿಂದ ಸ್ಕ್ಯಾನ್ ಮಾಡಿ ಅಂತಾನೂ ಕೇಳಿ, ಆಗ ಇಂಥ ಸುಳ್ಳು ಎಚ್ಚರಿಕೆ ಅರ್ಧಕ್ಕರ್ಧ ತಾನೇ ಹೋಗ್ತವೆ.

ಇದರ ಜೊತೇಲೇ ಪ್ವನ್‌ಕಿಟ್ ಅನ್ನೋ ತೂತನ್ನೂ ನೋಡ್ಬಿಡಿ, ಸಿವಿಇ-2021-4034. ಇದೂ ಲೋಕಲ್ಲೇ, ಸ್ಕೋರ್ ಮಾತ್ರ 7.8, ಅಂದ್ರೆ ಹೈ. ಲೋಕಲ್ ಅನ್ನೋ ಪದ ನೋಡಿ ಲೋ ಅಂದ್ಕೊಳ್ಳೋರು ಎಡವೋದು ಇಲ್ಲೇ. 2009ರಿಂದ ಪೋಲ್‌ಕಿಟ್ ಪ್ಯಾಕೇಜಿನ ಪಿಕೆಎಕ್ಸೆಕ್ ಅನ್ನೋ ಸಣ್ಣ ಪ್ರೋಗ್ರಾಮ್‌ನಲ್ಲಿ ಕೂತಿದ್ದ ತಪ್ಪು, 2022ರ ಜನವರೀಲಿ ಗೊತ್ತಾಯ್ತು. ಪೋಲ್‌ಕಿಟ್ ಪ್ಯಾಕೇಜ್ 0.112-26.ಇಎಲ್7_9.1 ಅಥವಾ ಮುಂದಿನದಿದ್ರೆ ಸರಿ. ಅಪ್‌ಡೇಟ್ ಮಾಡೋಕೇ ಆಗದ ಪರಿಸ್ಥಿತಿ ಇದ್ರೆ ಯುಎಸ್‌ಆರ್ ಬಿನ್ ಒಳಗಿನ ಪಿಕೆಎಕ್ಸೆಕ್ ಫೈಲಿಗೆ ‘ಸಿಎಚ್‌ಮಾಡ್ 0755’ ಕೊಡಿ, ರೂಟ್ ಆಗೋ ಅದರ ಶಕ್ತಿ ಹೋಗುತ್ತೆ. ಮಾನಿಟರ್ ಇಲ್ದೆ ಓಡೋ ಸರ್ವರ್‌ನಲ್ಲಿ ಅದರಿಂದ ಸಾಮಾನ್ಯವಾಗಿ ಏನೂ ನಿಲ್ಲಲ್ಲ. ಇದೇ ಹುಮ್ಮಸ್ಸಿನಲ್ಲಿ ಸುಡೋ ಮತ್ತೆ ಎಸ್‌ಯು ಫೈಲಿಗೂ ಹಾಗೇ ಮಾಡ್ಬೇಡಿ, ನೀವೇ ಹೊರಗೆ ಉಳೀತೀರ.

ಲಕ್ಷಣ: ಸುಡೋ ಹೋಸ್ಟ್ ಆಪ್ಷನ್ ಅಂತ ಒಂದು ಸಾಲು, ಸ್ಕೋರ್ 2.8

ಲೋ ಅಂದ್ರೆ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಕೇಸ್ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ. ಸಿವಿಇ-2025-32462, 2025ರ ಜೂನ್ 30ಕ್ಕೆ ಹೊರಗೆ ಬಂತು, ಸೆಂಟ್‌ಓಎಸ್ 7 ಸಪೋರ್ಟ್ ಮುಗಿದು ಸರಿಯಾಗಿ ಒಂದು ವರ್ಷಕ್ಕೆ. 1.8.8ರಿಂದ 1.9.17ರವರೆಗಿನ ಸುಡೋಗೆ ಅನ್ವಯ, ಅಂದ್ರೆ ನಿಮ್ಮ 1.8.23 ಕೂಡ ಸೇರಿತು. ರಿಪೇರಿ ಬಂದಿದ್ದು 1.9.17ಪಿ1ರಲ್ಲಿ, ಸೆಂಟ್‌ಓಎಸ್ 7ಕ್ಕೆ ಅದನ್ನ ಫ್ರೀಯಾಗಿ ತಂದುಕೊಡೋರು ಈಗ ಯಾರೂ ಇಲ್ಲ.

ಸುಡೋರ್ಸ್ ಫೈಲಿನ ಪ್ರತಿ ಸಾಲಿನಲ್ಲೂ ಯಾರು, ಯಾವ ಮಷೀನ್‌ನಲ್ಲಿ, ಏನು ಮಾಡಬಹುದು ಅಂತ ಇರುತ್ತೆ. ಆ ‘ಯಾವ ಮಷೀನ್’ ಅನ್ನೋ ಜಾಗದಲ್ಲಿ ಸಾಮಾನ್ಯವಾಗಿ ಆಲ್ ಅಂತ ಬರ್ದಿರ್ತಾರೆ. ಸುಡೋದಲ್ಲಿ ಹೈಫನ್ ಎಚ್ ಅನ್ನೋ ಆಪ್ಷನ್ ಇರೋದು ಬೇರೆ ಮಷೀನ್‌ನಲ್ಲಿ ನನಗೇನು ಹಕ್ಕಿದೆ ಅಂತ ಪಟ್ಟಿ ನೋಡೋಕೆ ಮಾತ್ರ, ಆದ್ರೆ ಈ ತಪ್ಪಿಂದಾಗಿ ಬೇರೆ ಮಷೀನಿನ ಹಕ್ಕನ್ನ ಇಲ್ಲೇ ಚಲಾಯಿಸ್ಬೋದಿತ್ತು. ಆಲ್ ಅಂತ ಮಾತ್ರ ಬರ್ದಿರೋ ಫೈಲಿನಲ್ಲಿ ಇದರಿಂದ ಯಾರಿಗೂ ಹೊಸದಾಗಿ ಏನೂ ಸಿಗಲ್ಲ. ಮಂಡಿ, ಅಂಗಡಿ, ಕ್ಲಿನಿಕ್ ಸರ್ವರ್‌ಗಳಲ್ಲಿ ಹೆಚ್ಚುಕಮ್ಮಿ ಹೀಗೇ ಇರುತ್ತೆ, ಅಲ್ಲಿ ಬಿಟ್ಬಿಡಿ.

ಆದ್ರೆ ಕಾಲೇಜುಗಳಲ್ಲಿ, ನಾಲ್ಕೈದು ಸರ್ವರ್ ಇರೋ ಕಡೆ, ಒಂದೇ ಸುಡೋರ್ಸ್ ಫೈಲ್ ಮಾಡಿ ಎಲ್ಲಾ ಮಷೀನ್‌ಗೂ ಕಾಪಿ ಹಾಕಿರ್ತಾರೆ. ಲ್ಯಾಬ್ ಅಸಿಸ್ಟೆಂಟ್‌ಗೆ ಲ್ಯಾಬ್ ಮಷೀನ್‌ನಲ್ಲಿ ಎಲ್ಲಾ ಹಕ್ಕು, ಎಕ್ಸಾಂ ಮಾರ್ಕ್ಸ್ ಇರೋ ಮಷೀನ್‌ನಲ್ಲಿ ಏನೂ ಇಲ್ಲ ಅಂತ ಬರ್ದಿರುತ್ತೆ. ಅಲ್ಲಿ ಈ 2.8 ಸ್ಕೋರಿನ ತೂತು ಲ್ಯಾಬ್ ಅಸಿಸ್ಟೆಂಟನ್ನ ಮಾರ್ಕ್ಸ್ ಸರ್ವರ್‌ನ ರೂಟ್ ಮಾಡಿಬಿಡುತ್ತೆ. ಒಂದೇ ತೂತು, ಒಂದೇ ಸ್ಕೋರ್, ಒಂದು ಕಡೆ ಏನೂ ಅಲ್ಲ, ಇನ್ನೊಂದು ಕಡೆ ಪೂರ್ತಿ ಮಷೀನ್.

ಪ್ಯಾಚ್ ಇಲ್ದೇನೇ ಇದನ್ನ ಮುಚ್ಬೋದು ಅನ್ನೋದೇ ಒಳ್ಳೇ ಸುದ್ದಿ. ‘ವಿಸುಡೋ’ ಅಂತ ಹೊಡೆದು ಫೈಲ್ ತೆಗೀರಿ, ಬೇರೆ ಎಡಿಟರ್‌ನಲ್ಲಿ ನೇರ ತೆಗೀಬೇಡಿ, ಒಂದು ಅಕ್ಷರ ತಪ್ಪಾದ್ರೂ ಸುಡೋನೇ ನಿಂತುಹೋಗುತ್ತೆ, ವಿಸುಡೋ ಆದ್ರೆ ಸೇವ್ ಮಾಡೋವಾಗ ತಪ್ಪು ತೋರಿಸುತ್ತೆ. ಹೋಸ್ಟ್ ಅಲಿಯಾಸ್ ಸಾಲುಗಳನ್ನ, ಬೇರೆ ಮಷೀನ್ ಹೆಸರಿರೋ ಸಾಲುಗಳನ್ನ ತೆಗೆದು, ಈ ಮಷೀನ್‌ಗೆ ಬೇಕಾದ್ದು ಮಾತ್ರ ಉಳಿಸಿ. ಸುಡೋರ್ಸ್ ಡಾಟ್ ಡಿ ಫೋಲ್ಡರ್‌ನಲ್ಲೂ ತುಣುಕು ಫೈಲ್‌ಗಳಿರ್ತವೆ, ಮರೀಬೇಡಿ. ಅಲ್ಲೇ ನೋಪಾಸ್‌ಡಬ್ಲ್ಯೂಡಿ (ಪಾಸ್‌ವರ್ಡ್ ಕೇಳಲ್ಲ) ಅಂತ ಬರ್ದಿರೋ ಸಾಲುಗಳನ್ನೂ ಓದಿ, ವಿಐ, ಲೆಸ್, ಫೈಂಡ್, ಟಾರ್ ಇಂಥ ಪ್ರೋಗ್ರಾಮ್‌ಗೆ ಸುಡೋ ಕೊಟ್ಟಿದ್ರೆ ಅದರೊಳಗಿಂದಾನೇ ಶೆಲ್ ತೆಗೀಬೋದು. ಇದಕ್ಕೆ ಯಾವ ಸಿವಿಇ ನಂಬರೂ ಇರಲ್ಲ, ರಿಪೋರ್ಟ್‌ನಲ್ಲೂ ಬರೋದು ಕಮ್ಮಿ.

ಲಕ್ಷಣ: ಒಬ್ಬರ ಫೈಲ್ ಇನ್ನೊಬ್ಬರಿಗೆ ಕಾಣ್ತಿದೆ, ಟೆಂಪ್‌ನಲ್ಲಿಟ್ಟ ಫೈಲ್ ಮಾಯ ಆಗ್ತಿದೆ

‘ಎಲ್‌ಎಸ್ ಹೈಫನ್ ಎಲ್‌ಡಿ’ ಕೊಟ್ಟು ಟೆಂಪ್ (ಟಿ-ಎಂ-ಪಿ) ಫೋಲ್ಡರಿನ ಪರ್ಮಿಷನ್ ನೋಡಿ. ಕೊನೇ ಅಕ್ಷರ ಟಿ ಇರ್ಬೇಕು. ಎಕ್ಸ್ ಇದ್ರೆ ಯಾರೋ ಯಾವಾಗ್ಲೋ 777 ಕೊಟ್ಟು ಸ್ಟಿಕಿ ಬಿಟ್ ಕಿತ್ತಿದ್ದಾರೆ, ಆಗ ಯಾರ ಫೈಲನ್ನ ಯಾರು ಬೇಕಾದ್ರೂ ಅಳಿಸ್ಬೋದು, ಬದಲಿಸ್ಬೋದು. ‘ಸಿಎಚ್‌ಮಾಡ್ 1777’ ಕೊಟ್ರೆ ಸರಿ ಹೋಗುತ್ತೆ. ವಾರ್ (ವಿ-ಎ-ಆರ್) ಒಳಗಿನ ಟೆಂಪ್‌ಗೂ ಅದೇ. ಲೋ ರಿಸ್ಕ್ ಪಟ್ಟಿಯಲ್ಲಿ ಬರೋ ಸಿಮ್‌ಲಿಂಕ್ ಜಾತಿಯ ತೂತುಗಳಿಗೆ, ಅಂದ್ರೆ ರೂಟ್ ಪ್ರೋಗ್ರಾಮ್ ಟೆಂಪ್‌ನಲ್ಲಿ ಬರೆಯೋ ಫೈಲಿನ ಹೆಸರಲ್ಲಿ ಮೊದ್ಲೇ ಲಿಂಕ್ ಇಟ್ಟು ಬೇರೆ ಫೈಲ್ ಮೇಲೆ ಬರೆಸೋದಕ್ಕೆ, ಕರ್ನಲ್‌ನಲ್ಲೇ ಒಂದು ತಡೆ ಇದೆ. ‘ಸಿಸ್‌ಸಿಟಿಎಲ್’ ಕೊಟ್ಟು ಎಫ್‌ಎಸ್ ಡಾಟ್ ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ ಬೆಲೆ 1 ಇದ್ಯಾ ನೋಡಿ, ಆಮೇಲೆ ಪ್ರೊಟೆಕ್ಟೆಡ್ ಹಾರ್ಡ್‌ಲಿಂಕ್ಸ್ ಕೂಡ. ಎರಡೂ 1 ಇದ್ರೆ ಅಂಥ ಸಾಲುಗಳ ಬಿಸಿ ಬಹಳ ಇಳಿಯುತ್ತೆ. ಆದ್ರೆ ಈ ಸಿಮ್‌ಲಿಂಕ್ ತಡೆ ಕೆಲಸ ಮಾಡೋದು ಸ್ಟಿಕಿ ಬಿಟ್ ಇರೋ ಫೋಲ್ಡರ್‌ನಲ್ಲಿ, ಅದಕ್ಕೇ ಮೊದ್ಲು ಆ ಟಿ ನೋಡಿ ಅಂದಿದ್ದು.

ಉಬುಂಟು ಹಳೇದಾಗಿದ್ರೆ, 18.04 ಅಥವಾ 20.04 ಥರದ್ದು, ಹೋಮ್ ಫೋಲ್ಡರ್‌ಗಳು 755ರಲ್ಲೇ ಹುಟ್ಟಿರ್ತವೆ, 21.04ರಿಂದಷ್ಟೇ 750 ಆಗಿದ್ದು, ಹಾಗಾಗಿ ಎಲ್ರ ಫೈಲೂ ಎಲ್ರಿಗೂ ಕಾಣೋದು ಅಲ್ಲಿ ದೋಷ ಅಲ್ಲ, ಡೀಫಾಲ್ಟೇ ಹಾಗೆ. 750 ಮಾಡ್ಕೊಳ್ಳಿ. ಒಂದೊಂದೇ ಫೋಲ್ಡರ್ ಮಾಡಿ, ಹೈಫನ್ ಆರ್ ಹಾಕಿ ಇಡೀ ಮರಕ್ಕೆ ಹೊಡೀಬೇಡಿ, ವೆಬ್‌ಸೈಟ್ ಒಳಗಿರೋ ಹೋಮ್ ಮುಟ್ಬೇಡಿ, 750 ಕೊಟ್ರೆ ಅದು ನಿಂತುಹೋಗುತ್ತೆ.

ಬ್ಯಾಕಪ್ ಸ್ಕ್ರಿಪ್ಟ್ ಓಡೋ ಹೊತ್ತಲ್ಲಿ ‘ಪಿಎಸ್ ಎಯುಎಕ್ಸ್’ ಹೊಡೆದು ನೋಡಿ, ಡೇಟಾಬೇಸ್ ಪಾಸ್‌ವರ್ಡ್ ಕಮಾಂಡ್ ಸಾಲಿನಲ್ಲೇ ಕಾಣ್ತಿದ್ಯಾ ಅಂತ. ಮೈಎಸ್‌ಕ್ಯುಎಲ್ ಕ್ಲೈಂಟ್ ತಾನೇ ಮುಚ್ಚಿಡೋಕೆ ನೋಡುತ್ತೆ, ಆದ್ರೂ ಒಂದು ಕ್ಷಣ ಕಾಣುತ್ತೆ, ಬೇರೆ ಎಷ್ಟೋ ಟೂಲ್‌ಗಳು ಮುಚ್ಚೋದೇ ಇಲ್ಲ. ಪಾಸ್‌ವರ್ಡನ್ನ 600 ಪರ್ಮಿಷನ್ ಇರೋ ಡಾಟ್ ಮೈ ಡಾಟ್ ಸಿಎನ್‌ಎಫ್ ಫೈಲಿಗೆ ಹಾಕಿ, ಆಮೇಲೆ ಹಳೇ ಪಾಸ್‌ವರ್ಡನ್ನೇ ಬದಲಿಸಿ.

ಲಕ್ಷಣ: ಗೊತ್ತಿಲ್ಲದ ಸೆಟ್‌ಯುಐಡಿ ಫೈಲ್, ನೀವು ಹಾಕದ ಕ್ರಾನ್

‘ಫೈಂಡ್’ ಕಮಾಂಡಿಗೆ ಸ್ಲ್ಯಾಶ್, ಆಮೇಲೆ ಹೈಫನ್ ಪರ್ಮ್, ಅದಕ್ಕೆ ಹೈಫನ್ 4000, ಆಮೇಲೆ ಹೈಫನ್ ಟೈಪ್ ಎಫ್ ಅಂತ ಕೊಟ್ರೆ ಸೆಟ್‌ಯುಐಡಿ ಫೈಲ್‌ಗಳ, ಅಂದ್ರೆ ಯಾರು ಓಡಿಸಿದ್ರೂ ಮಾಲೀಕನ, ಸಾಮಾನ್ಯವಾಗಿ ರೂಟ್‌ನ, ಶಕ್ತಿ ಪಡೆಯೋ ಫೈಲ್‌ಗಳ ಪಟ್ಟಿ ಬರುತ್ತೆ. ಪಾಸ್‌ವರ್ಡ್, ಎಸ್‌ಯು, ಸುಡೋ, ಮೌಂಟ್, ಯುಮೌಂಟ್, ಚೇಜ್, ಜಿಪಾಸ್‌ವರ್ಡ್, ನ್ಯೂಗ್ರೂಪ್, ಕ್ರಾನ್‌ಟ್ಯಾಬ್, ಪಿಕೆಎಕ್ಸೆಕ್ ಇವೆಲ್ಲಾ ಇರೋದು ಸಹಜ. ಟೆಂಪ್‌ನಲ್ಲಿ, ಯಾರದ್ದೋ ಹೋಮ್‌ನಲ್ಲಿ, ವೆಬ್ ಫೋಲ್ಡರ್‌ನಲ್ಲಿ ಇಂಥ ಫೈಲ್ ಇದ್ರೆ, ಅಥವಾ ಬ್ಯಾಶ್, ಪೈಥಾನ್, ವಿಮ್ ಇವುಗಳ ಕಾಪಿಗೆ ಈ ಬಿಟ್ ಇದ್ರೆ, ಅದು ತೂತಲ್ಲ, ಯಾರೋ ಆಗ್ಲೇ ಬಂದು ಹೋಗಿರೋ ಗುರುತು. ಅನುಮಾನದ ಫೈಲ್ ಯಾವ ಪ್ಯಾಕೇಜಿನದು ಅಂತ ‘ಆರ್‌ಪಿಎಮ್ ಹೈಫನ್ ಕ್ಯೂಎಫ್’ ಹೇಳುತ್ತೆ. ‘ಆರ್‌ಪಿಎಮ್ ಹೈಫನ್ ವಿಎ’ ಹೊಡೆದ್ರೆ, ವಿ ದೊಡ್ಡಕ್ಷರ, ಬದಲಾಗಿರೋ ಫೈಲೆಲ್ಲಾ ಬರುತ್ತೆ. ಮಧ್ಯದಲ್ಲಿ ಸಿ ಅಂತಿರೋದು ಕಾನ್ಫಿಗ್ ಫೈಲ್, ಅದು ಬದಲಾಗಿರೋದು ಸಾಮಾನ್ಯ. ಬಿನ್ ಫೋಲ್ಡರಿನ ಪ್ರೋಗ್ರಾಮ್ ಮುಂದೆ 5 ಅಂತ ಬಂದ್ರೆ ಒಳಗಿನ ಕೋಡೇ ಬದಲಾಗಿದೆ. ಏನೂ ಬರ್ಲಿಲ್ಲ ಅಂದ್ರೆ ಸಮಾಧಾನ ಪಟ್ಕೊಳ್ಳಿ ಆದ್ರೆ ಪೂರ್ತಿ ನಂಬ್ಬೇಡಿ, ರೂಟ್ ಆದೋನು ಆರ್‌ಪಿಎಮ್ ಡೇಟಾಬೇಸೂ ಬದಲಿಸಬಲ್ಲ.

ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸಗಳ ಪಟ್ಟಿ) ರೂಟ್ ಹೆಸರಲ್ಲಿ ಓಡೋ ಪ್ರತಿ ಸ್ಕ್ರಿಪ್ಟ್ ಎಲ್ಲಿದೆ, ಅದನ್ನ ಯಾರು ಬರೀಬೋದು ನೋಡಿ. ರೂಟ್ ಓಡಿಸೋ ಬ್ಯಾಕಪ್ ಸ್ಕ್ರಿಪ್ಟ್ ಎಲ್ರೂ ಬರೆಯೋ ಶೇರ್ ಫೋಲ್ಡರ್‌ನಲ್ಲಿ ಇಟ್ಟಿರೋದು ನಮ್ಮ ಕಡೆ ಬಹಳ, ಅದು ಯಾವ ಸಿವಿಇಗಿಂತಲೂ ಸುಲಭದ ದಾರಿ. ರೂಟ್ ಹೋಮ್‌ಗೆ ಎತ್ತಿ 700 ಮಾಡಿ.

ಲಕ್ಷಣ: ಫ್ಯಾನ್ ಜೋರಾಗಿ ಕೂಗ್ತಿದೆ, ಸಿಪಿಯು 100, ಯಾರೂ ಕೆಲಸ ಮಾಡ್ತಿಲ್ಲ

ಇಲ್ಲಿ ರಿಪೇರಿ ನಿಲ್ಲಿಸ್ಬೇಕು. ‘ಟಾಪ್’ ಹೊಡೆದು ಮೇಲಿರೋ ಹೆಸರು ನೋಡಿ. ಕೆಡೆವ್‌ಟೆಂಪ್‌ಎಫ್‌ಎಸ್ ಅನ್ನೋದು ಕರ್ನಲ್‌ನ ನಿಜವಾದ ಕೆಲಸಗಾರ, ಅದರ ಕೊನೆಗೆ ಒಂದು ಐ ಜಾಸ್ತಿ ಇದ್ರೆ ಅದು ಕಿನ್‌ಸಿಂಗ್ ಅನ್ನೋ ಮಾಲ್‌ವೇರ್ ತರೋ ಕ್ರಿಪ್ಟೋ ಮೈನರ್. ಯಾವ ಯೂಸರ್ ಹೆಸರಲ್ಲಿ ಓಡ್ತಿದೆ ಅನ್ನೋದು ಬಹಳ ಮುಖ್ಯ. ಅಪಾಚೆ ಅಥವಾ ರೆಡಿಸ್ (ಒಂದು ಡೇಟಾಬೇಸ್) ಹೆಸರಲ್ಲಿದ್ರೆ ಹೊರಗಿನೋನು ವೆಬ್‌ಸೈಟಿಂದಲೋ ರೆಡಿಸಿಂದಲೋ ಬಂದಿದ್ದಾನೆ, ಇನ್ನೂ ರೂಟ್ ಆಗಿಲ್ದೇ ಇರ್ಬೋದು, ಮೇಲಿನ ಲೋಕಲ್ ತೂತುಗಳು ಮುಚ್ಚಿದ್ವಾ ಅನ್ನೋದರ ಬೆಲೆ ಗೊತ್ತಾಗೋದು ಈಗ. ರೂಟ್ ಹೆಸರಲ್ಲಿದ್ರೆ ಆ ಮಷೀನ್ ಹೇಳೋ ಯಾವ ಮಾತನ್ನೂ ನಂಬೋಕಾಗಲ್ಲ.

ಕಿಲ್ ಹೊಡೆದು, ಫೈಲ್ ಅಳಿಸಿ, "ಸರಿ ಹೋಯ್ತು" ಅಂತ ಬಿಡ್ಬೇಡಿ, ಕ್ರಾನ್‌ನಿಂದ ಮತ್ತೆ ಇಳಿಸ್ಕೊಳ್ಳುತ್ತೆ. ಪವರ್ ಆಫ್ ಮಾಡ್ಬೇಡಿ, ಮೆಮೊರಿಯಲ್ಲಿರೋ ಸಾಕ್ಷಿ ಹೋಗುತ್ತೆ. ನೆಟ್‌ವರ್ಕ್ ಕೇಬಲ್ ಕಿತ್ತು ಹಾಗೇ ಇಡಿ. ಬ್ಯಾಕಪ್ ಡಿಸ್ಕ್ ಚುಚ್ಚಿದ್ರೆ ಅದನ್ನೂ ತೆಗೀರಿ. ವಾರ್ ಲಾಗ್ ಒಳಗಿನ ಸೆಕ್ಯೂರ್ ಫೈಲ್‌ಗಳನ್ನ ಓದೋಕೆ ಗೊತ್ತಿರೋರನ್ನ ಕರೀರಿ. ಅದರಲ್ಲಿ ಪಿಕೆಎಕ್ಸೆಕ್ ಹೆಸರಿನ ಜೊತೆ ಶೆಲ್ ವೇರಿಯಬಲ್ ಈಟಿಸಿ ಶೆಲ್ಸ್ ಫೈಲ್‌ನಲ್ಲಿಲ್ಲ ಅನ್ನೋ ಸಾಲು ಇದ್ರೆ ಪ್ವನ್‌ಕಿಟ್ ಪ್ರಯತ್ನ ನಡೆದಿದೆ, ಇಲ್ದೇ ಇದ್ರೆ ನಡೆದಿಲ್ಲ ಅಂತಲ್ಲ, ಗುರುತು ಬಿಡದೆಯೂ ಮಾಡ್ಬೋದು.

2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆ ಸಂಸ್ಥೆ) ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಇಂಥ ಘಟನೆಯನ್ನ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸ್ಬೇಕು, ಲಾಗ್‌ಗಳನ್ನ 180 ದಿನ ಇಟ್ಕೊಂಡಿರ್ಬೇಕು. ಸೆಂಟ್‌ಓಎಸ್‌ನ ಲಾಗ್‌ರೊಟೇಟ್ ಡೀಫಾಲ್ಟ್‌ನಲ್ಲಿ ವಾರಕ್ಕೊಂದು ತಿರುಗಿಸಿ ನಾಲ್ಕು ಮಾತ್ರ ಉಳಿಸುತ್ತೆ, ತಿಂಗಳ ಹಿಂದಿನದು ಇರೋದೇ ಇಲ್ಲ. ಈಗಲೇ ಆ 4 ಅನ್ನ 27 ಮಾಡಿ. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತುಮಕೂರಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ದೂರು ಕೊಡಿ.

ಎಲ್ಲಾ ಮುಚ್ಚಿದ್ಮೇಲೂ ರಿಪೋರ್ಟ್ ಬರ್ತಾನೇ ಇದೆ

ಬರುತ್ತೆ, ಪ್ಯಾಚ್ ಬರದ ಸಿಸ್ಟಮ್‌ನಲ್ಲಿ ಪಟ್ಟಿ ಬೆಳೀತಾನೇ ಇರುತ್ತೆ. ಅಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್‌ಗೆ ಹೋಗೋ ಲೆಕ್ಕ ಹಾಕಿ, ಎರಡೂ ಫ್ರೀ. ಇದ್ದಲ್ಲೇ ಬದಲಿಸೋಕೆ ಅಲ್ಮಾದವರ ಎಲಿವೇಟ್ ಅನ್ನೋ ಟೂಲ್ ಇದೆ, ಆದ್ರೆ ನಾನು ಹೊಸ ಡಿಸ್ಕಿಗೆ ಹೊಸದಾಗಿ ಹಾಕೋದನ್ನೇ ಹೇಳೋದು, ಕೈಕೊಟ್ರೆ ಹಳೇ ಡಿಸ್ಕ್ ಚುಚ್ಚಿ ಅಂಗಡಿ ತೆಗೀಬೋದು. ಮೊದ್ಲೇ ನೋಡ್ಬೇಕಾದ್ದು ಮೂರು. 9ನೇ ವರ್ಷನ್‌ಗೆ ತೀರಾ ಹಳೇ ಪ್ರೊಸೆಸರ್ ಆಗಲ್ಲ, ಎಕ್ಸ್86-64-ವಿ2 ಬೇಕು. 8ರಿಂದಲೇ ಎಷ್ಟೋ ಹಳೇ ರೇಡ್ ಕಾರ್ಡ್‌ಗಳ ಡ್ರೈವರ್ ತೆಗೆದಿದ್ದಾರೆ, ಲೈವ್ ಯುಎಸ್‌ಬಿಯಲ್ಲಿ ಬೂಟ್ ಮಾಡಿ ಡಿಸ್ಕ್ ಕಾಣುತ್ತಾ ನೋಡಿ. ಸೆಂಟ್‌ಓಎಸ್ 7ರ ಪಿಎಚ್‌ಪಿ 5.4ಕ್ಕೆ ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ 8ನೇ ವರ್ಷನ್‌ನಲ್ಲಿ ಡೀಫಾಲ್ಟಾಗಿ ಬರೋ ಪಿಎಚ್‌ಪಿ 7.2ರಲ್ಲಿ ಓಡೋದು ಅನುಮಾನ, ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನ 7.0ರಲ್ಲೇ ತೆಗೆದುಹಾಕಿದ್ದಾರೆ, ಹಾಗಾಗಿ ಬರೆದುಕೊಟ್ಟೋರನ್ನ ಮೊದ್ಲು ಹಿಡೀರಿ.

ಅಲ್ಲೀತನಕ ಆ ಸರ್ವರ್‌ಗೆ ರೂಟರ್‌ನಿಂದ ಪೋರ್ಟ್ ಫಾರ್ವರ್ಡ್ ತೆಗೀರಿ, ವೆಬ್‌ಸೈಟನ್ನ ಬೇರೆ ಮಷೀನ್‌ಗೆ ಸಾಗಿಸಿ, ‘ಗೆಟ್‌ಎನ್‌ಫೋರ್ಸ್’ ಹೊಡೆದು ಎಸ್‌ಇಲಿನಕ್ಸ್ (ಪ್ರೋಗ್ರಾಮ್‌ಗಳು ಮಿತಿ ಮೀರದಂತೆ ತಡೆಯೋ ಕಾವಲು) ಎನ್‌ಫೋರ್ಸಿಂಗ್ ಇದ್ಯಾ ನೋಡಿ. ಡಿಸೇಬಲ್ಡ್ ಅಂತಿದ್ರೆ ಮೊದ್ಲು ಪರ್ಮಿಸಿವ್‌ನಲ್ಲಿ ಒಂದೆರಡು ವಾರ ಓಡಿಸಿ ಏನೇನು ತಡೆಯುತ್ತೆ ಅಂತ ಲಾಗ್ ನೋಡಿ ಆಮೇಲೆ ಎನ್‌ಫೋರ್ಸಿಂಗ್ ಮಾಡಿ. ಹೊಸ ಮಷೀನ್‌ಗೆ ಹೋದಾಗ ಹಳೇ ಪಾಸ್‌ವರ್ಡ್ ಮತ್ತೆ ಶ್ಯಾಡೋ ಫೈಲನ್ನ ಹಾಗೇ ಕಾಪಿ ಮಾಡ್ಬೇಡಿ, ಬೇಕಾದೋರಿಗೆ ಮಾತ್ರ ಹೊಸ ಅಕೌಂಟ್, ಹೊಸ ಪಾಸ್‌ವರ್ಡ್, ಹೊಸ ಕೀ ಕೊಡಿ.